ಬಿಡು ಅಂದಿದ್ದು

ಅವನಿಗೆ ಮೂರನೆಯ ಕೈ ಇರಲಿಲ್ಲ. ಇದ್ದ ಎರಡನ್ನು ಅವನ ಅಣ್ಣ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜುತ್ತಿದ್ದ. ಬೆರಳು ಸೆಟೆದುಕೊಂಡಿದ್ದರಿಂದ ಒಂದೊಂದನ್ನೂ ಬಿಡಿಸಿ ಹಿಡಿಯಬೇಕಾಗಿತ್ತು. ಅಂಗೈಯ ಮಸಿ ಹೋಯಿತು. ಉಗುರಿನ ಸಂದಿಯದು ಹೋಗಲಿಲ್ಲ.

"ಹಳೇ ಬ್ರಷ್ ಇದ್ರೆ ಕೊಡಮ್ಮ," ಎಂದ ತಲೆ ಎತ್ತದೆ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬ್ರಷ್ ತರಲು ಹೋಗಲಿಲ್ಲ. ಗಂಡನ ಬಲಗೈಯನ್ನೇ ನೋಡುತ್ತಿದ್ದಳು.

"ಭಾವ, ಮುಷ್ಟೀಲಿ ಏನಾದ್ರೂ ಇತ್ತಾ?"

"ಏನಿರತ್ತೆ?"

"ನನ್ನ ಹೇರ್‌ಪಿನ್ನು."

ಭಾವ ಉಜ್ಜುವುದನ್ನು ನಿಲ್ಲಿಸಿದ. ಬಕೆಟ್ ಹಿಡಿದುಕೊಂಡಿದ್ದ ಅಳಿಯ ಬೇರೆ ಕಡೆ ನೋಡಿದ. ಗೋಡೆಗೆ ಒರಗಿ ಕೂತಿದ್ದ ನಾದಿನಿ, ಸತ್ತವನ ತಂಗಿ, ಮೂಗು ಒರೆಸಿಕೊಂಡಳು.

"ಇವತ್ತು ನಿಮ್ಮ ತಲೆ ಕೆದರಿದ್ರೆ ಯಾರೂ ಏನೂ ಅನ್ನಲ್ಲ ಅತ್ತಿಗೆ. ಅಣ್ಣ ಹೀಗೆ ಮಲಗಿದಾನೆ, ಪಿನ್ನಂತೆ."

"ಜೇಬು ನೋಡಿದ್ರಾ?" ಎಂದು ಅಳಿಯನನ್ನು ಕೇಳಿದಳು.

"ನೋಡಿದೆ ಅತ್ತೆ. ಸಿಕ್ಕಿದ್ದನ್ನ ಕಿಟಕಿ ಮೇಲಿಟ್ಟಿದೀನಿ."

ಕಿಟಕಿಯ ಮೇಲೆ ಎರಡು ತಾಮ್ರದ ವಾಷರ್, ತುದಿ ಸವೆದ ಒಂದು ಬೋಲ್ಟು, ಕಾಗದ ಅಂಟಿಕೊಂಡ ಪೆಪ್ಪರಮಿಂಟು ಇದ್ದವು. ಅವಳು ಪೆಪ್ಪರಮಿಂಟಿನ ಕಾಗದವನ್ನೂ ಬಿಚ್ಚಿ ನೋಡಿದಳು. ಆಮೇಲೆ ತಲೆ ಮುಟ್ಟಿಕೊಂಡಳು. ಎಡಗಡೆ ಒಂದು ಪಿನ್ನಿತ್ತು. ಬಲಗಡೆ ಇರಲಿಲ್ಲ.

"ನಿದ್ದೆ ಇಲ್ದೆ ಹೀಗಾಗಿದಾರೆ," ಎಂದು ಅಳಿಯ ಮೆಲ್ಲಗೆ ಹೇಳಿದ್ದು ಅವಳಿಗೆ ಕೇಳಿಸಿತು. ಅವಳು ಅಂಗಳಕ್ಕೆ ಹೋದಳು.

*

ಅವನು ಆಸ್ಪತ್ರೆಯ ಲಾಂಡ್ರಿಯಲ್ಲಿದ್ದ. ವಾರ್ಡುಗಳಿಂದ ಬರುವ ಚಾದರಗಳನ್ನು ಡ್ರಮ್ಮಿಗೆ ಹಾಕುವುದು, ತೆಗೆಯುವುದು, ಕಲೆ ಹೋಗದಿದ್ದರೆ ಮತ್ತೆ ಹಾಕುವುದು. ಅದನ್ನೇ ಮಾಡಿ ನಿವೃತ್ತನಾದ. ಹೇಳಿಕೊಳ್ಳುವಂಥ ಗುಣ ಯಾವುದೂ ಇರಲಿಲ್ಲ. ಕುಡಿಯುತ್ತಿರಲಿಲ್ಲ, ಹಾಡುತ್ತಿರಲಿಲ್ಲ. ಜಗಳಕ್ಕೆ ಹೋಗುತ್ತಿರಲಿಲ್ಲ, ಬೇರೆಯವರ ಜಗಳ ಬಿಡಿಸಲೂ ಹೋಗುತ್ತಿರಲಿಲ್ಲ. ಒಂದು ಹಳೆಯ ಕಾರಿತ್ತು. ಅದನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂಬ ಹಟವಿತ್ತು.

ಹಟಕ್ಕೆ ಕಾರಣವೂ ಇತ್ತು. ಕಾರು ಕೊಂಡ ಹೊಸತರಲ್ಲಿ ಒಂದು ವರ್ಕ್‌ಶಾಪಿಗೆ ಬಿಟ್ಟಿದ್ದ. ವಾಪಸು ಬಂದ ಇಂಜಿನ್ನಿನೊಳಗೆ ಅವರು ಕೈ ಒರೆಸಿದ ಬಟ್ಟೆ ಸಿಕ್ಕಿತು. "ಹೊಟ್ಟೆ ಕುಯ್ದು ಬಟ್ಟೆ ಒಳಗೇ ಇಟ್ಟು ಹೊಲಿದಿದಾರೆ," ಎಂದು ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ಆ ಮೇಲೆ ಕಾರಿನ ಕೆಲಸವೆಲ್ಲ ಮನೆಯ ಅಂಗಳದಲ್ಲೇ ನಡೆಯಿತು.

ಆ ಕಾರು ಎಣ್ಣೆ ಸೋರುತ್ತಿತ್ತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ. "ಸೋರೋದು ಮೇಲೆ, ಕಾಣೋದು ಕೆಳಗೆ" ಎನ್ನುತ್ತಿದ್ದ. ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮಗಳ ಪೌಡರ್ ಡಬ್ಬಿ ತಂದು ಅದರ ಮೇಲೆಲ್ಲ ಉದುರಿಸಿ ಸ್ಟಾರ್ಟ್ ಮಾಡುತ್ತಿದ್ದ. ಬಿಳಿ ಪೌಡರಿನ ಮೇಲೆ ಎಲ್ಲಿ ಕಪ್ಪು ಗೆರೆ ಮೂಡುತ್ತದೋ ಅಲ್ಲಿ ಸೋರಿಕೆ. "ಮಗೂಗೆ ಮೈತುಂಬ ಬೆವರುಸಾಲೆ, ಗಾಡಿ ನೋಡಿದ್ರೆ ಘಮಘಮ," ಎಂದು ಹೆಂಡತಿ ಬೈಯುತ್ತಿದ್ದಳು. ಬೀದಿಯ ಹುಡುಗರು ಅವನನ್ನು ಪೌಡರ್ ಮಾವ ಎಂದು ಕರೆದರು. ಅವನಿಗೆ ಬೇಸರವಾಗಲಿಲ್ಲ.

ಮೂರನೆಯ ಕೈ ಅವಳೇ. ಟಾರ್ಚ್ ಹಿಡಿಯುವುದು, ಬೋಲ್ಟಿನ ತಲೆ ತಿರುಗದ ಹಾಗೆ ಇನ್ನೊಂದು ಸ್ಪ್ಯಾನರ್ ಒತ್ತಿ ಹಿಡಿಯುವುದು, ಅವನ ದಪ್ಪ ಬೆರಳು ಹೋಗದ ಸಂದಿಗೆ ಕೈ ಹಾಕುವುದು. ಕೆಲಸದ ಹೊತ್ತಿನಲ್ಲಿ ಅವರ ನಡುವೆ ಇದ್ದದ್ದು ಎರಡೇ ಮಾತು: ಹಿಡಿ, ಬಿಡು. ಹಿಡಿ ಎಂದರೆ ಹಿಡಿಯುತ್ತಿದ್ದಳು. ಬಿಡು ಎಂದರೆ ಬಿಡುತ್ತಿದ್ದಳು. ಇಷ್ಟು ವರ್ಷ ಅದರಲ್ಲಿ ತಪ್ಪಾಗಿರಲಿಲ್ಲ.

ಈ ಸಲ ಚೈನಿನ ಕೆಲಸ. ಕೆಲವು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತಿತ್ತು. ಇಂಜಿನ್ನಿನ ಕೆಳಗಿನ ಚಕ್ರವನ್ನೂ ಮೇಲಿನ ಚಕ್ರವನ್ನೂ ಕಟ್ಟಿಹಾಕುವ ಟೈಮಿಂಗ್ ಚೈನ್ ಸವೆದು ಜೋಲು ಬಿದ್ದಿತ್ತು.

"ಕೆಳಗಿನೋನು ಮೇಲೆ ಬರೋ ಹೊತ್ತಿಗೆ ಮೇಲಿನೋನು ದಾರಿ ಬಿಟ್ಟಿರಬೇಕು," ಎಂದು ಅವನು ಎರಡೂ ಕೈಯಿಂದ ತೋರಿಸಿದ್ದ. "ಚೈನ್ ಒಂದು ಹಲ್ಲು ಹಾರಿತೋ, ಇಬ್ರಿಗೂ ಡಿಕ್ಕಿ."

ಹೊಸ ಚೈನನ್ನು ಬಿಗಿಯಾಗಿಡಲು ಪಕ್ಕದಲ್ಲಿ ಒಂದು ಟೆನ್ಷನರ್. ಅದರೊಳಗೆ ಸ್ಪ್ರಿಂಗ್ ಇರುವ ಕಬ್ಬಿಣದ ಬೆರಳು. ಕೂರಿಸುವಾಗ ಆ ಬೆರಳನ್ನು ಒಳಗೆ ಒತ್ತಿ, ತೂತಿಗೆ ಒಂದು ಪಿನ್ ಚುಚ್ಚಿ ತಡೆಹಿಡಿಯಬೇಕು. ಎಲ್ಲ ಕೂರಿಸಿದ ಮೇಲೆ ಪಿನ್ ಎಳೆದರೆ ಬೆರಳು ಆಚೆ ಬಂದು ಚೈನನ್ನು ಒತ್ತಿಕೊಳ್ಳುತ್ತದೆ. ಕಂಪನಿಯವರು ಕೊಟ್ಟ ಪಿನ್ ಎಲ್ಲೋ ಉರುಳಿ ಹೋಯಿತು. ಅವನು ಹೇಳದೆ ಕೇಳದೆ ಅವಳ ತಲೆಗೆ ಕೈ ಹಾಕಿ ಹೇರ್‌ಪಿನ್ ಎಳೆದುಕೊಂಡ.

"ತೆಗೆಯೋದು ಮರೆತು ಮುಚ್ಚಿದ್ರೆ?" ಎಂದು ಅವಳು ಕೇಳಿದ್ದಳು.

"ಮಟ್ಟ ರಸ್ತೇಲಿ ಏನೂ ಗೊತ್ತಾಗಲ್ಲ. ಇಳಿಜಾರಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದ ಕೂಡ್ಲೇ ಚೈನ್ ಹಾರತ್ತೆ. ಇಂಜಿನ್ ಸತ್ತರೆ ಬ್ರೇಕೂ ಕಲ್ಲು, ಸ್ಟೇರಿಂಗೂ ಕಲ್ಲು. ಒಳಗಿದ್ದೋರು ಹೋದ್ರು ಅಂತ್ಲೇ."

ತರಕಾರಿಯ ವಿಷಯ ಹೇಳಿದ ಹಾಗೆ ಹೇಳಿದ್ದ.

*

ಕಾರಿನ ಮುಂದಿನ ಚಕ್ರಗಳು ಎರಡು ಇಳಿಜಾರು ಹಲಗೆಗಳ ಮೇಲೆ ಹತ್ತಿ ನಿಂತಿದ್ದವು. ಬಾನೆಟ್ ತೆರೆದಿತ್ತು. ಅದರ ಮುಂದೆ ಪಕ್ಕದ ಬೀದಿಯ ಗ್ಯಾರೇಜಿನವನು, ಭಾವ, ಅಳಿಯ. ಭಾವನ ಕೈಯಿಂದ ಸೀಮೆಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ.

"ಗಮ್ ಒಣಗಿದೆ," ಎಂದ ಗ್ಯಾರೇಜಿನವನು, ಚೈನನ್ನು ಮುಚ್ಚುವ ಮುಂದಿನ ಕವರಿನ ಅಂಚಿಗೆ ಬೆರಳು ತಾಗಿಸದೆ ತೋರಿಸುತ್ತ. ಸಾವಿನ ಮನೆಗೆಂದು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. "ಹೆಂಗೆ ಎಳೆದಿದಾನೆ ನೋಡಿ, ಬಾರ್ಡರ್ ಹೊಲಿದ ಹಾಗೆ. ನನ್ನ ಗ್ಯಾರೇಜಲ್ಲಿ ಒಬ್ಬನಿಗೂ ಈ ಕೈ ಇಲ್ಲ. ಇನ್ನು ಎಣ್ಣೆ ಹಾಕೋದು, ಸ್ಟಾರ್ಟ್ ಮಾಡೋದು. ಇವತ್ತು ಮಾಡ್ತೀನಿ ಅಂತಿದ್ದ."

"ಮಾಡೋಣ," ಎಂದ ಭಾವ. ಅವನು ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡ. "ವ್ಯಾನಲ್ಲಿ ಹೇಗೂ ನಾಲ್ಕೇ ಜನ ಹಿಡಿಯೋದು. ಅವನು ಮುಂದೆ ಹೋಗ್ಲಿ, ಅವನ ಗಾಡಿ ಹಿಂದೆ ಬರ್ಲಿ. ನಾನು, ತಂಗಿ, ಮಗಳು, ಮಗು. ಅಳಿಯ ಓಡಿಸ್ತಾನೆ. ಕೊನೇ ಕೆಲಸ ಮಾಡಿಟ್ಟೇ ಹೋಗಿದಾನೆ ಪುಣ್ಯಾತ್ಮ."

ಅಳಿಯ ತಲೆಯಾಡಿಸಿದ. ಅವನ ಕಣ್ಣಲ್ಲೂ ನೀರಿತ್ತು. ಮಾವ ಬದುಕಿದ್ದಷ್ಟು ದಿನ ಆ ಕಾರಿನ ಸ್ಟೇರಿಂಗ್ ಅವನಿಗೆ ಕೊಟ್ಟಿರಲಿಲ್ಲ.

ಸ್ಮಶಾನ ಊರಾಚೆ, ಕಲ್ಲು ಕ್ವಾರಿಯ ಕೆಳಗೆ. ದಾರಿ ಉದ್ದಕ್ಕೂ ಇಳಿಜಾರು, ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು ನಿಂತ ಕ್ವಾರಿ. ತಡೆಗೋಡೆಯೂ ಇರಲಿಲ್ಲ.

"ಗಾಡಿ ಸ್ಟಾರ್ಟ್ ಮಾಡಬೇಡಿ," ಎಂದಳು ಅವಳು.

ಮೂವರೂ ತಿರುಗಿದರು.

"ನನ್ನ ಪಿನ್ನು ಸಿಕ್ಕಿಲ್ಲ. ಟೆನ್ಷನರಿಗೆ ಹಾಕಿದ್ದು."

ಗ್ಯಾರೇಜಿನವನಿಗೆ ಮಾತ್ರ ಅರ್ಥವಾಯಿತು. ಅವನು ನಗಲು ಹೋಗಿ, ದಿನ ನೆನಪಾಗಿ, ಬಾಯಿ ಮುಚ್ಚಿಕೊಂಡ. "ಅಕ್ಕಾ, ಅದನ್ನ ತೆಗೀದೇ ಯಾರಾದ್ರೂ ಕವರ್ ಮುಚ್ತಾರಾ? ನಾನಾದ್ರೂ ಮರೆತೇನು. ಅವನಾ?"

"ಮುಚ್ಚಿದ್ರೆ?"

"ಮುಚ್ಚಿರಲ್ಲ."

"ಬಿಚ್ಚಿ ನೋಡಿ."

"ಬಿಚ್ಚೋಕೆ ಅರ್ಧ ದಿನ ಬೇಕು. ಹೆಣ ಮನೇಲಿಟ್ಕೊಂಡು ಇಂಜಿನ್ ಬಿಚ್ಚೋದಾ?"

"ಹಾಗಾದ್ರೆ ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿ. ಅವರು ಹಾಗೇ ನೋಡೋರು, ಚೈನ್ ಜೋಲಾಗಿದ್ರೆ ಸಿಕ್ಕಿಕೊಳ್ಳತ್ತೆ."

ಗ್ಯಾರೇಜಿನವನು ಇಂಜಿನ್ನಿನ ಆಳಕ್ಕೆ ನೋಡಿದ. ತಿರುಗಿಸುವ ಬೋಲ್ಟು ಕೆಳಗೆ, ಮಸಿಯ ನಡುವೆ ಇತ್ತು. ತನ್ನ ತೋಳು ನೋಡಿಕೊಂಡ. "ಅವನು ತಿರುಗಿಸೇ ಮುಚ್ಚಿರ್ತಾನೆ ಅಕ್ಕಾ. ನನ್ನ ಮಾತು ಕೇಳಿ."

"ಏನಮ್ಮ ಇದು?" ಎಂದ ಭಾವ. ಧ್ವನಿ ಏರಲಿಲ್ಲ, ಅದೇ ಕೆಟ್ಟದಾಗಿ ಕೇಳಿಸಿತು. "ಸತ್ತೋನು ಎದ್ದು ಬಂದು ಮಾತಾಡಲ್ಲ ಅಂತ ಅವನ ಕೆಲಸದಲ್ಲಿ ತಪ್ಪು ಹುಡುಕ್ತಿದೀಯಾ? ಅವನು ಇನ್ನೂ ಒಳಗೇ ಮಲಗಿದಾನೆ. ಹೋಗು, ಅವನ ಹತ್ರ ಕೂತ್ಕೋ."

ಅವಳು ಹೋಗಲಿಲ್ಲ. ಪೊರಕೆ ತಂದು, ಬೆಳಿಗ್ಗೆ ಒಂದು ಸಲ ಗುಡಿಸಿದ್ದ ಅಂಗಳವನ್ನು ಮತ್ತೆ ಗುಡಿಸಿದಳು. ಕಾರಿನ ಕೆಳಗೆ, ಗೋಡೆಯ ಬುಡದಲ್ಲಿ, ಗೇಟಿನ ಸಂದಿಯಲ್ಲಿ. ಗುಡಿಸಿದ ಮಣ್ಣನ್ನು ಹಿಟ್ಟಿನ ಜರಡಿಗೆ ಹಾಕಿ ಅಲ್ಲಾಡಿಸಿದಳು. ಸಾವಿಗೆ ಬಂದವರು ಗೇಟಿನಲ್ಲಿ ನಿಂತು ಅದನ್ನು ನೋಡಿದರು. ಜರಡಿಯಲ್ಲಿ ಬೆಣಚುಕಲ್ಲು ಉಳಿದವು.

*

ಹಿಂದಿನ ಮಧ್ಯಾಹ್ನ ಅವನು ಇಂಜಿನ್ನಿನ ಮುಂದೆ ಸಣ್ಣ ಸ್ಟೂಲಿನ ಮೇಲೆ ಕೂತಿದ್ದ. ಅವಳು ಪಕ್ಕದಿಂದ ಬಗ್ಗಿ ಸಂದಿಗೆ ಕೈ ಹಾಕಿದ್ದಳು. ಎರಡು ಬೆರಳ ನಡುವೆ ಪಿನ್ನಿತ್ತು. ಅದು ಅವನಿಗೆ ಕಾಣುತ್ತಿರಲಿಲ್ಲ. ಅವಳಿಗೂ ಕಾಣುತ್ತಿರಲಿಲ್ಲ. ಬೆರಳಿಗೆ ಮಾತ್ರ ಗೊತ್ತಿತ್ತು.

ಅವನು ಚೈನನ್ನು ಎರಡೂ ಚಕ್ರಗಳ ಗುರುತಿಗೆ ಕೂರಿಸಿ, ಕೊನೆಯ ಬೋಲ್ಟು ಬಿಗಿ ಮಾಡಿ, ಎಡಗೈ ಕೊಡವಿದ. ಮತ್ತೆ ಕೊಡವಿದ.

"ಏನ್ರೀ?"

"ಸ್ಪ್ಯಾನರ್ ಎಳೆದೂ ಎಳೆದೂ ಹಿಡ್ಕೊಂಡಿದೆ."

"ಬೆವರು ಯಾಕೆ ಇಷ್ಟು?"

"ಬಿಸಿಲು."

"ನೆರಳಲ್ಲಿ ಕೂತಿದೀರ."

ಅವನು ತೋಳಿನಿಂದ ಹಣೆ ಒರೆಸಿಕೊಂಡ. ಮುಖ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

"ಆಸ್ಪತ್ರೆಗೆ ಹೋಗೋಣ ಏಳಿ. ಅಲ್ಲಿ ಎಲ್ರೂ ಗೊತ್ತಿರೋರೇ."

"ಗೊತ್ತಿರೋದಕ್ಕೇ ಬೇಡ. ಆ ಚಾದರ ಎಲ್ಲ ನಾನು ಒಗೆದಿರೋದು. ಅದರಲ್ಲಿ ಏನು ಹೋಗತ್ತೆ, ಏನು ಹೋಗಲ್ಲ ನಂಗೊತ್ತು. ಅದರ ಮೇಲೆ ಮಲಗಲ್ಲ."

"ಚಾದರ ಮನೆಯಿಂದ ತಗೊಂಡು ಹೋಗೋಣ. ಏಳ್ರೀ ಅಂದ್ರೆ. ನಾನು ಯಾರದಾದ್ರೂ ಗಾಡಿ ಕರೀತೀನಿ."

"ಬಿಡು."

ಮುಖ ಇಂಜಿನ್ನಿನ ಕಡೆಗೇ ಇಟ್ಟುಕೊಂಡು ಅವನು ಹಾಗೆಂದ.

ಅವಳಿಗೆ ರೇಗಿತು. ಕೈ ಬಿಟ್ಟಳು. ಪಿನ್ನನ್ನು ಅಲ್ಲೇ ಬಿಟ್ಟು, ಕೈ ಹೊರಗೆಳೆದುಕೊಂಡು, ಒಳಗೆ ಹೋಗಿ ಬಾಗಿಲನ್ನು ದಡ್ ಎಂದು ಹಾಕಿದಳು. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಹೊರಗಿನ ಸದ್ದು ಕೇಳುತ್ತಿದ್ದಳು. ಬಟ್ಟೆಯಿಂದ ಒರೆಸಿದ್ದು, ಗಮ್ಮಿನ ಟ್ಯೂಬು ಹಿಂಡಿದ್ದು, ಕವರ್ ಕೂರಿಸಿದ್ದು, ಬೋಲ್ಟುಗಳು ಒಂದಾದ ಮೇಲೊಂದು ಬಿಗಿಯಾದದ್ದು. ಅವನು ಅವಳನ್ನು ಕೂಗಲಿಲ್ಲ.

ಟೀ ತೆಗೆದುಕೊಂಡು ಹೋದಾಗ ಅವನು ಬಂಪರಿನ ಮೇಲೆ ಹಣೆ ಇಟ್ಟುಕೊಂಡಿದ್ದ. ನಿದ್ದೆ ಹೋಗಿದ್ದಾನೆ ಎಂದುಕೊಂಡಳು. ಲೋಟವನ್ನು ಅವನ ಕೈಗೆ ತಾಗಿಸಿದಳು.

*

ಅಡುಗೆಮನೆಯಲ್ಲಿ ಮಗಳು ಮಗುವಿಗೆ ಹಾಲು ಬಿಸಿ ಮಾಡುತ್ತಿದ್ದಳು. ಮಗು ನೆಲದಲ್ಲಿ ಕೂತು ಮುಚ್ಚಳವೊಂದನ್ನು ಗಿರ್ರನೆ ತಿರುಗಿಸುತ್ತಿತ್ತು.

"ನೀನು ಆ ಗಾಡೀಲಿ ಕೂರಬೇಡ. ಮಗೂನೂ ಕೂರಿಸಬೇಡ."

"ಅತ್ತೆ ಹೇಳಿದ್ರು ಪಿನ್ನಿನ ಕತೆ," ಎಂದಳು ಮಗಳು. ಅತ್ತು ಅತ್ತು ಅವಳ ಮೂಗು ಕಟ್ಟಿತ್ತು. "ಅಪ್ಪ ತೆಗೆದಿರ್ತಾರಮ್ಮ."

"ಅವರು ಬಿಡು ಅಂದ್ರು. ನಾನು ಬಿಟ್ಟು ಬಂದೆ."

"ಯಾವ ಬಿಡು?"

"ಅದೇ ಗೊತ್ತಾಗ್ಲಿಲ್ಲ. ಪಿನ್ನು ಬಿ‍ಡು, ಎಳೆದುಬಿಡು ಅಂತಲೋ, ಆಸ್ಪತ್ರೆ ಮಾತು ಬಿಡು ಅಂತಲೋ."

"ಆಸ್ಪತ್ರೇದೇ. ಮತ್ತೇನು? ನಾನು ಫೋನ್ ಮಾಡಿದ್ರೂ ಅದೇ. ಡಾಕ್ಟರಿಗೆ ತೋರಿಸಿ ಅಂದ್ರೆ ಬಿಡು. ಇಲ್ಲಿ ಬಂದು ನಾಲ್ಕು ದಿನ ಇರಿ ಅಂದ್ರೆ ಬಿಡು. ಅಪ್ಪಂಗೆ ಬರ್ತಿದ್ದಿದ್ದೇ ಅದೊಂದು ಮಾತು."

"ಆಸ್ಪತ್ರೇದಾದ್ರೆ ಪಿನ್ನು ಅವರೇ ಎಳೆದಿರ್ತಾರೆ. ಎಳೆದಿದ್ರೆ ಎಲ್ಲಿ? ಕೈಯಲ್ಲಿಲ್ಲ, ಜೇಬಲ್ಲಿಲ್ಲ, ಅಂಗಳದಲ್ಲಿಲ್ಲ. ಪಿನ್ನಿಂದಾದ್ರೆ, ನಾನು ಎಳೆದು ತಲೆಗೆ ಸಿಕ್ಕಿಸಿಕೊಂಡು ಹೋದೆ ಅಂದ್ಕೊಂಡು ಮುಚ್ಚಿರ್ತಾರೆ. ಯಾವ ಕೆಲಸಕ್ಕೆ ನನ್ನ ಪಿನ್ನು ತಗೊಂಡ್ರೂ ಹಾಗೇ ಮಾಡ್ತಿದ್ದೆ."

ಮಗಳು ಹಾಲಿಗೆ ಚಮಚ ಹಾಕಿ ತಿರುಗಿಸಿದಳು.

"ನೀನು ಹೇಳೋದು ನಿಜ ಅಂತಾದ್ರೆ ಅಪ್ಪ ಕೊನೇಲಿ ಮಾಡಿದ್ದು ತಪ್ಪು ಅಂತಾಗತ್ತೆ."

"ಆಗ್ಲಿ."

"ನಂಗಾಗಲ್ಲ." ಅವಳು ಒಲೆ ಆರಿಸಿದಳು. "ನಾನು ಬರೋ ಹೊತ್ತಿಗೆ ಕಣ್ಣು ಮುಚ್ಚಿದ್ರು. ಒಂದು ಮಾತೂ ಆಡ್ಲಿಲ್ಲ. ಅವರು ಕೈಯಾರೆ ಮಾಡಿದ ಗಾಡೀಲಿ ಅವರ ಹಿಂದೆ ಹೋಗ್ತೀನಿ. ಅದೊಂದು ಬೇಕು ನಂಗೆ. ಅವರ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಂಗೆ?"

"ನಂಬಿದ್ದಕ್ಕೇ ಅವರನ್ನ ಅಲ್ಲಿ ಬಿಟ್ಟು ಒಳಗೆ ಬಂದಿದ್ದು."

ಮಗಳು ಹಾಲನ್ನು ಲೋಟಕ್ಕೆ ಬಗ್ಗಿಸಿದಳು. ಮಗುವನ್ನು ಎತ್ತಿಕೊಂಡು, ಹಾಲಿನ ಲೋಟ ಹಿಡಿದು ಹೊರಗೆ ಹೋದಳು. ಹೊರಗೆ ಅಳಿಯ ಯಾರಿಗೋ ಹೇಳುತ್ತಿದ್ದ: "ಅತ್ತೆಗೆ ಒಂದು ನಿದ್ದೆ ಮಾತ್ರೆ ಕೊಡ್ಸೋಣ್ವಾ?"

ಅವಳು ಅಡುಗೆಮನೆಯಲ್ಲೇ ನಿಂತಳು. ಕಾರಿನ ಕೀ ಅಳಿಯನ ಜೇಬಿನಲ್ಲಿತ್ತು. ಬ್ಯಾಟರಿಯ ತಂತಿ ಕಿತ್ತರೆ ಗ್ಯಾರೇಜಿನವನು ಕಣ್ಣು ಮುಚ್ಚಿಕೊಂಡು ಹಾಕುತ್ತಾನೆ. ಅಡ್ಡ ಮಲಗಿದರೆ ನಾಲ್ಕು ಜನ ಹೆಂಗಸರು ಎತ್ತಿ ಪಕ್ಕಕ್ಕಿಡುತ್ತಾರೆ, ಮಾತ್ರೆಯನ್ನೂ ನುಂಗಿಸುತ್ತಾರೆ.

ಹೊರಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದು, ಎಣ್ಣೆ ಗುಳುಗುಳು ಎಂದು ಇಳಿದ ಸದ್ದು ಕೇಳಿಸಿತು.

*

ವ್ಯಾನು ಬಂತು. ಗೇಟಿನ ಹೊರಗೆ ಹಿಂಬಾಗಿಲು ತೆರೆದು ನಿಂತಿತು. ಚಾಲಕ ಇಳಿದು, ಬೀದಿ ಇಕ್ಕಟ್ಟು ಎಂದು ಗೊಣಗಿ, ಸ್ಟ್ರೆಚರ್ ಒಳಗೆ ಕಳಿಸಿದ. ಹೆಣವನ್ನು ಅದರ ಮೇಲಿಟ್ಟು ನಾಲ್ವರು ಜಗಲಿಗೆ ತಂದರು.

"ಗಾಡಿ ಮೊದಲು ಹಿಂದಕ್ಕೆ ತೆಗೀರಿ, ದಾರಿ ಆಗತ್ತೆ," ಎಂದ ಗ್ಯಾರೇಜಿನವನು.

ಅಳಿಯ ಸ್ಟೇರಿಂಗಿನ ಹಿಂದೆ ಕೂತ. ಭಾವ ಮುಂದಿನ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿಕೊಂಡ. ನಾದಿನಿ ಮಂಡಿ ಹಿಡಿದುಕೊಂಡು ಹಿಂದೆ ಹತ್ತಿದಳು. ಮಗಳು ಮಗುವನ್ನು ಅವಳ ತೊಡೆಗೆ ದಾಟಿಸಿ, ತಾನೂ ಒಂದು ಕಾಲು ಒಳಗಿಟ್ಟಳು.

ಆಗ ಅವಳು ಗಂಡನ ಸಾಮಾನಿನ ಪೆಟ್ಟಿಗೆಯಿಂದ ಹದಿನೇಳರ ಸ್ಪ್ಯಾನರ್ ತೆಗೆದುಕೊಂಡು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಕಾರಿನ ಮೂತಿಯ ಮುಂದೆ ನೆಲಕ್ಕೆ ಕೂತು, ಅಂಗಾತ ಮಲಗಿ, ಹಿಮ್ಮಡಿ ಒತ್ತಿ ಒಳಕ್ಕೆ ಸರಿದಳು.

"ಬಿದ್ಲು, ಬಿದ್ಲು," ಎಂದು ಯಾರೋ ಹೆಂಗಸು ಓಡಿ ಬಂದಳು. "ಅಯ್ಯೋ, ಸಮಾಧಾನ ಮಾಡ್ಕೊಳ್ಳಿ. ಗಂಡನ ಗಾಡಿ ಅಂತ ಅದರಡಿಗೇ ಹೋಗಿಬಿಡ್ತೀರಾ?" ಇಬ್ಬರು ಅವಳ ಕಾಲು ಹಿಡಿದು ಎಳೆದರು. ಅವಳು ಕಾಲು ಝಾಡಿಸಿದಳು. ಒಬ್ಬಳ ಕೈಯಲ್ಲಿ ಚಪ್ಪಲಿ ಉಳಿಯಿತು.

"ಅಜ್ಜಿ ಕಾರ್ ಕೆಳಗೆ ತಾಚಿ ಮಾಡ್ತಿದಾಳೆ," ಎಂದಿತು ಮಗು.

ಮೇಲೆ ಕೀ ತಿರುಗಿದ ಸದ್ದಾಯಿತು. ಮೀಟರಿನ ಬಳಿ ಏನೋ ಟಿಕ್ ಟಿಕ್ ಎಂದಿತು.

"ತಿರುಗಿಸಬೇಡ್ರೀ, ಅಕ್ಕ ಅಡಿಯಲ್ಲಿದಾರೆ," ಎಂದು ಗ್ಯಾರೇಜಿನವನು ಬಾನೆಟ್ ತಟ್ಟಿದ.

ಎಣ್ಣೆ ಇಳಿಸುವ ಬೋಲ್ಟು ಅವಳ ಮುಖದ ಮೇಲೇ ಇತ್ತು. ಎಷ್ಟೋ ಸಲ ಅದರ ಕೆಳಗೆ ಬೋಗುಣಿ ಹಿಡಿದಿದ್ದಳು. ಬಿಚ್ಚಿರಲಿಲ್ಲ. ಮೊದಲು ಬಿಗಿಯಾಗುವ ಕಡೆಗೇ ಎಳೆದಳು. ಅಲ್ಲಾಡಲಿಲ್ಲ. ಕೆಳಗಿಂದ ನೋಡಿದರೆ ಎಡಬಲ ಅದಲುಬದಲು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸ್ಪ್ಯಾನರನ್ನು ಮಗುಚಿ ಹಾಕಿ, ಎರಡೂ ಕೈಯಿಂದ ಒತ್ತಿದಳು. ಬೋಲ್ಟು ಕಿರ್ ಎಂದಿತು. ಆಮೇಲಿನದು ಬೆರಳಿಗೆ ಬಂತು.

ಹೊಸ ಎಣ್ಣೆ ತಣ್ಣಗಿತ್ತು. ಕತ್ತಿನ ಮೇಲೆ, ಎದೆಯ ಮೇಲೆ, ಕೂದಲಿಗೆ ಬಿತ್ತು. ಅವಳು ಬಾಯಿ ಬಿಗಿಹಿಡಿದು, ಅದು ದಾರವಾಗುವ ತನಕ ಅಲ್ಲೇ ಮಲಗಿದ್ದಳು. ಕಾಲು ಎಳೆಯುತ್ತಿದ್ದವರು ಹಿಂದೆ ಸರಿದರು. ಜೇನಿನ ಬಣ್ಣದ ಎಣ್ಣೆ ಅವಳ ಎರಡೂ ಪಕ್ಕದಿಂದ ಹೊರಬಂದು ಜಗಲಿಗೂ ಗೇಟಿಗೂ ನಡುವೆ ಹರಡಿತು.

"ಡ್ರೈನ್ ಬಿಚ್ಚಿದಾರೆ," ಎಂದ ಗ್ಯಾರೇಜಿನವನು.

"ಅಂದ್ರೆ?" ಎಂದ ಅಳಿಯ, ಕೀ ಹಿಡಿದುಕೊಂಡೇ.

"ಅಂದ್ರೆ ಗಾಡಿ ಹೊರಡಲ್ಲ."

ಭಾವ ಕಣ್ಣು ತೆರೆದ. "ಇವಳಿಗೆ ತಲೆ ಕೆಟ್ಟಿದೆ," ಎಂದ. ಅವಳು ತೆವಳಿಕೊಂಡು ಹೊರಗೆ ಬಂದು, ಬಂಪರ್ ಹಿಡಿದು ಎದ್ದು ನಿಂತಳು. ರೆಪ್ಪೆಯಿಂದಲೂ ಎಣ್ಣೆ ಇಳಿಯುತ್ತಿತ್ತು.

"ಈಗ ತಿರುಗಿಸಿ ನೋಡಿ," ಎಂದಳು.

"ತಿರುಗಿಸಿ ತೋರಿಸಿಬಿಡ್ರೀ," ಎಂದು ಕಾರಿನೊಳಗಿಂದ ನಾದಿನಿ ಕೂಗಿದಳು. "ಎಲ್ರ ಮುಂದೆ ಒಂದ್ಸಲ ಗೊತ್ತಾಗ್ಲಿ."

ಗ್ಯಾರೇಜಿನವನು ಬಿಳಿ ಅಂಗಿಯ ತೋಳು ಮಡಿಸಿದ. ಉದ್ದ ಹಿಡಿಯ ಸ್ಪ್ಯಾನರ್ ತೆಗೆದುಕೊಂಡು, ಬಗ್ಗಿ, ಕೆಳಗಿನ ಬೋಲ್ಟಿಗೆ ಸಿಕ್ಕಿಸಿದ. ಒಂದು ಸುತ್ತು ಸಲೀಸಾಗಿ ಬಂತು. "ನೋಡಿ ಅಕ್ಕಾ," ಎಂದ. ಎರಡನೆಯ ಸುತ್ತಿನ ನಡುವೆ ಕವರಿನ ಒಳಗೆ ಏನೋ ಪಟ್ಟನೆ ಹಾರಿತು. ಸಣ್ಣ ಸದ್ದು, ಹತ್ತಿರ ನಿಂತವರಿಗೆ ಮಾತ್ರ ಕೇಳಿಸಿತು. ಆಮೇಲೆ ಸ್ಪ್ಯಾನರ್ ಮುಂದೆ ಹೋಗಲಿಲ್ಲ. ಅವನು ಮೆಲ್ಲಗೆ ಒತ್ತಿದ. ಕಬ್ಬಿಣಕ್ಕೆ ಕಬ್ಬಿಣ ತಾಗಿತ್ತು. ಅವನು ಕೈ ತೆಗೆದ.

ಕುತ್ತಿಗೆಯವರೆಗೂ ಅಂಗಿ ಕಪ್ಪಾಗಿತ್ತು. ಅವನು ಅದನ್ನು ನೋಡಿಕೊಳ್ಳಲಿಲ್ಲ. ಕಾರಿನ ಒಳಗೆ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದ.

"ಏನಂತೆ?" ಎಂದ ಭಾವ.

"ಇಳೀರಿ ಎಲ್ಲ."

"ಏನಾಯ್ತು ಅಂತ?"

"ಪಿನ್ನು ಒಳಗೇ ಇದೆ."

ಅಳಿಯ ಮೊದಲು ಇಳಿದ. ಹಿಂದಿನ ಬಾಗಿಲಿಗೆ ಹೋಗಿ ಮಗುವನ್ನು ನಾದಿನಿಯ ತೊಡೆಯಿಂದ ಕಿತ್ತುಕೊಂಡ ಹಾಗೆ ಎತ್ತಿಕೊಂಡ. ಮಗು ಅಳತೊಡಗಿತು. ನಾದಿನಿ ಇಳಿದಳು. ಭಾವ ಮಾತ್ರ ಡ್ಯಾಶ್‌ಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೇ ಇದ್ದ. ಆಮೇಲೆ ಅವನೂ ಇಳಿದು, ಎಣ್ಣೆ ತುಳಿಯದ ಹಾಗೆ ಸುತ್ತಿಕೊಂಡು ಅವಳ ಮುಂದೆ ಬಂದು ನಿಂತ.

"ಅವನು ಮರೆಯೋ ಮನುಷ್ಯ ಅಲ್ಲ."

ಅವಳು ಮಣಿಕಟ್ಟಿನಿಂದ ರೆಪ್ಪೆ ಒರೆಸಿಕೊಂಡಳು.

"ಪಿನ್ನು ಹಿಡ್ಕೊಂಡಿದ್ದೋರು ಯಾರು?"

"ನಾನು."

"ಎಳೀಬೇಕಾಗಿದ್ದೋರು?"

ಅವಳು ಜಗಲಿಯ ಕಡೆ ನೋಡಿದಳು. ಸ್ಟ್ರೆಚರ್ ಹೊತ್ತ ನಾಲ್ವರು ಭಾರಕ್ಕೆ ಕಾಲು ಬದಲಾಯಿಸುತ್ತಿದ್ದರು.

"ನಾನೇ. ಅವರು ಹೇಳಿದ್ರು, ನಾನು ಮರೆತೆ."

"ನೋಡಿದ್ರಾ," ಎಂದಳು ನಾದಿನಿ, ಯಾರನ್ನೂ ಉದ್ದೇಶಿಸದೆ.

ಮಗಳು ಮುಂದೆ ಬಂದಳು. "ಅಮ್ಮ, ನೀನು ಹೇಳಿದ್ದು ಹಾಗಲ್ವಲ್ಲ. ದೊಡ್ಡಪ್ಪ, ಅಮ್ಮ ಹೇಳಿದ್ದು—"

"ಬಿಡು," ಎಂದಳು ತಾಯಿ.

ವ್ಯಾನಿನ ಚಾಲಕ ಹಾರ್ನ್ ಮಾಡಿದ. ಹೊರಡಲೇಬೇಕಾಗಿತ್ತು, ದಾರಿ ಎಣ್ಣೆಯ ಮೇಲೇ ಇತ್ತು. ಲಾಂಡ್ರಿಯಿಂದ ಮಾವ ತಂದಿಟ್ಟಿದ್ದ ಹಳೆಯ ಆಸ್ಪತ್ರೆ ಚಾದರ ಎರಡನ್ನು ಅಳಿಯ ಒಳಗಿಂದ ತಂದು ಹಾಸಿದ. ಎಣ್ಣೆ ಬಟ್ಟೆಯೊಳಗಿಂದ ಮೇಲೆ ಬಂತು. ಹೊತ್ತವರು ಕಾಲ್ಬೆರಳು ಊರಿ ಊರಿ ದಾಟಿದರು. ನಡುವೆ ಹಿಂದಿನವನೊಬ್ಬನ ಕಾಲು ಜಾರಿ ಸ್ಟ್ರೆಚರ್ ಓರೆಯಾಯಿತು. ಹೆಣ ಒಂದು ಪಕ್ಕಕ್ಕೆ ಸರಿಯಿತು. ನಾಲ್ಕಾರು ಕೈಗಳು ಬಂದು ಹಿಡಿದವು.

"ಇವರು ಸೀಟ್ ಮೇಲೆ ಕೂತ್ರೆ ನಾಳೆ ಇನ್ನೊಬ್ಬರು ಹೇಗೆ ಕೂರ್ತಾರೆ?" ಎಂದ ಚಾಲಕ, ಅವಳನ್ನು ನೋಡಿ. ಅವಳು ಸೀಟಿನ ಮೇಲೆ ಕೂರಲಿಲ್ಲ. ಸ್ಟ್ರೆಚರಿನ ಪಕ್ಕ, ವ್ಯಾನಿನ ತಗಡಿನ ನೆಲಕ್ಕೆ ಕೂತಳು. ಭಾವ, ನಾದಿನಿ, ಮಗುವನ್ನು ಎತ್ತಿಕೊಂಡ ಮಗಳು ಎದುರು ಕೂತರು. ಉಳಿದವರು ಗ್ಯಾರೇಜಿನವನ ಹಿಂದೆ ನಡೆದು ಹೊರಟರು. ಅವನು ಮಡಿಸಿದ ತೋಳನ್ನು ಇಳಿಸಿರಲಿಲ್ಲ.

ವ್ಯಾನು ಕ್ವಾರಿಯ ಇಳಿಜಾರಿಗೆ ತಿರುಗಿತು. ಎಡಗಡೆಯ ಕಿಟಕಿಯಲ್ಲಿ ನೀರು ಕಾಣಿಸಿತು. ಬಹಳ ಕೆಳಗಿತ್ತು, ಹಸಿರಾಗಿತ್ತು. ಚಾಲಕ ಗೇರ್ ಇಳಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆದ. ಇಂಜಿನ್ ಗುರ್ ಎಂದು ತಡೆಯಿತು. ಮಗಳು ಮಗುವನ್ನು ಎದೆಗೆ ಒತ್ತಿಕೊಂಡು, ಕೆಳಗೆ ಕೂತ ತಾಯಿಯ ಎಣ್ಣೆ ಮೆತ್ತಿದ ತಲೆಯನ್ನು ನೋಡಿದಳು.

ಮನೆಯ ಅಂಗಳದಲ್ಲಿ ಯಾರೂ ಉಳಿದಿರಲಿಲ್ಲ. ಕಾರು ಬಾನೆಟ್ ತೆರೆದುಕೊಂಡು, ನಾಲ್ಕು ಬಾಗಿಲೂ ತೆರೆದುಕೊಂಡು ಹಲಗೆಯ ಮೇಲೆ ನಿಂತಿತ್ತು. ಎಣ್ಣೆ ಗೇಟು ದಾಟಿ ಬೀದಿಯ ಮಣ್ಣಿಗೆ ಇಳಿಯುತ್ತಿತ್ತು. ಆ ದಿನ ಹೋದದ್ದು ನಾಲ್ಕು ಲೀಟರು ಹೊಸ ಎಣ್ಣೆ, ಎರಡು ಹಳೆಯ ಚಾದರ, ಒಂದು ಬಿಳಿ ಅಂಗಿ. ಮನುಷ್ಯ ಒಬ್ಬನೇ.